ದೇಹ ಕೊಡುವವರು ಹೊತ್ತನ್ನೂ ಕೊಡಿ

ಕರ್ನಾಟಕದ ಚಿತ್ರಕಲಾ ಕಾಲೇಜುಗಳ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ,

ನಿಮ್ಮ ವಾರ್ಷಿಕ ಪ್ರದರ್ಶನಗಳಿಗೆ ತಪ್ಪದೆ ಬರುವವರಲ್ಲಿ ನಾನೂ ಒಬ್ಬ. ಬೆಂಗಳೂರು, ಮೈಸೂರು, ದಾವಣಗೆರೆ, ಧಾರವಾಡ, ಕಲಬುರಗಿ ಎಲ್ಲಿ ಕರೆದರೂ ಬಂದಿದ್ದೇನೆ, ಕರೆಯದಿದ್ದರೂ ಬಂದಿದ್ದೇನೆ. ಈಚಿನ ವರ್ಷಗಳಲ್ಲಿ ಗೋಡೆಯ ಮೇಲಿನ ಚಿತ್ರಗಳ ನಡುವೆ ನಿಮ್ಮಲ್ಲಿ ಒಬ್ಬಿಬ್ಬರಾದರೂ ತಾವೇ ಕೃತಿಯಾಗಿ ನಿಂತಿರುವುದನ್ನು ನೋಡುತ್ತಿದ್ದೇನೆ. ಮೈಗೆಲ್ಲ ಕೆಮ್ಮಣ್ಣು ಬಳಿದುಕೊಂಡವರು, ದಾರದಲ್ಲಿ ಸುತ್ತಿಕೊಂಡವರು, ಕನ್ನಡಿಯ ಮುಂದೆ ಕೂತು ಕೂದಲು ಕತ್ತರಿಸಿಕೊಂಡವರು. ಬಣ್ಣ ಬೇಡ, ಕಲ್ಲು ಬೇಡ, ಕಂಚು ಬೇಡ, ನನ್ನ ಮೈಯೇ ಸಾಕು ಎನ್ನುವ ಆ ಧೈರ್ಯ ನನಗೆ ತುಂಬ ಇಷ್ಟ. ಇಷ್ಟವಿರುವುದರಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತಕರಾರು ಒಂದೇ. ನೀವು ದೇಹವನ್ನು ಕೊಡುತ್ತೀರಿ, ಹೊತ್ತನ್ನು ಕೊಡುವುದಿಲ್ಲ. ಪರ್ಫಾರ್ಮೆನ್ಸ್ ನಾಲ್ಕು ಗಂಟೆಗೆ ಎಂದು ಬಾಗಿಲಲ್ಲಿ ಬರೆದಿರುತ್ತದೆ. ಮುಖ್ಯ ಅತಿಥಿಗಳು ಬಂದ ಮೇಲೆ ಶುರು. ಗೆಳೆಯರು ಮೊಬೈಲ್ ಎತ್ತಿ ಹಿಡಿದು ಸುತ್ತ ನಿಂತಿರುತ್ತಾರೆ. ಕಾಲು ಗಂಟೆಯೊಳಗೆ ಚಪ್ಪಾಳೆ, ಆಮೇಲೆ ಒಂದು ಬಕೆಟ್ ನೀರು, ಟವೆಲ್ಲು. ರಾತ್ರಿ ಊಟದ ಹೊತ್ತಿಗೆ ಫೋಟೋಗಳು ಇನ್‌ಸ್ಟಾಗ್ರಾಂನಲ್ಲಿ ಇರುತ್ತವೆ, ಚೆನ್ನಾಗಿಯೂ ಇರುತ್ತವೆ. ಆದರೆ ಆ ಕಾಲು ಗಂಟೆಯಲ್ಲಿ ನಿಮ್ಮ ಮೈಗೆ ಏನೂ ಆಗಿರುವುದಿಲ್ಲ. ಕಾಲು ಜೋಮು ಹಿಡಿದಿರುವುದಿಲ್ಲ, ಹಸಿವಾಗಿರುವುದಿಲ್ಲ, ಬೇಸರ ಬಂದಿರುವುದಿಲ್ಲ. ಮೈ ದಣಿಯುತ್ತದೆ, ಬೆವರುತ್ತದೆ, ತೂಕಡಿಸುತ್ತದೆ, ಉಗುರು ಕೂದಲು ಬೆಳೆಸುತ್ತದೆ, ಮುಪ್ಪಾಗುತ್ತದೆ. ಕಲ್ಲು ಕಂಚುಗಳು ಮಾಡದ ಈ ಕೆಲಸ ಶುರುವಾಗುವ ಮೊದಲೇ ನೀವು ಎದ್ದು ಹೋದರೆ, ನೀವು ತಂದದ್ದು ಬರೀ ವೇಷ.

ಮರೀನಾ ಅಬ್ರಮೋವಿಚ್ ಅವರ ಹೆಸರನ್ನು ನಿಮ್ಮ ಮೇಷ್ಟ್ರು ಹೇಳಿಯೇ ಇರುತ್ತಾರೆ. 2010ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವರು ಒಂದು ಕುರ್ಚಿಯಲ್ಲಿ ಕೂತು, ಎದುರಿಗೆ ಬಂದು ಕೂತವರನ್ನು ಮಾತಿಲ್ಲದೆ ನೋಡುತ್ತ 700ಕ್ಕೂ ಹೆಚ್ಚು ಗಂಟೆ ಕಳೆದರು. ಅದು ಲೋಕಪ್ರಸಿದ್ಧ. ನಾನು ಹೇಳಬೇಕೆಂದಿರುವುದು ಅಷ್ಟು ಹೆಸರು ಮಾಡದ, ಆದರೆ ಈ ದಾರಿಯಲ್ಲಿ ಎಲ್ಲರಿಗಿಂತ ದೂರ ನಡೆದ ಇನ್ನೊಬ್ಬರ ಬಗ್ಗೆ. ಅವರು ತೆಹ್‌ಚಿಂಗ್ ಶಿಯೆ.

1950ರಲ್ಲಿ ತೈವಾನಿನಲ್ಲಿ ಹುಟ್ಟಿದವರು. ಹಡಗಿನ ಕೆಲಸಕ್ಕೆ ಸೇರಿ, 1974ರಲ್ಲಿ ಫಿಲಡೆಲ್ಫಿಯಾ ಬಳಿ ಹಡಗು ಬಿಟ್ಟು ಇಳಿದು ನ್ಯೂಯಾರ್ಕ್ ಸೇರಿಕೊಂಡರು. ಕೈಯಲ್ಲಿ ಕಾಗದಪತ್ರ ಇರಲಿಲ್ಲ. ಹೋಟೆಲುಗಳಲ್ಲಿ ತಟ್ಟೆ ತೊಳೆದು, ನೆಲ ಒರೆಸಿ ಬದುಕಿದರು. 1988ರಲ್ಲಿ ಅಮೆರಿಕ ಸರ್ಕಾರ ಅವರ ವಾಸವನ್ನು ಸಕ್ರಮ ಮಾಡುವವರೆಗೆ ಹದಿನಾಲ್ಕು ವರ್ಷ ಕಾಗದಪತ್ರ ಇಲ್ಲದೆಯೇ ಇದ್ದರು. ಬಣ್ಣ, ಗ್ಯಾಲರಿ ಯಾವುದೂ ಇಲ್ಲದ ಆ ಮನುಷ್ಯನ ಬಳಿ ಇದ್ದದ್ದು ಎರಡೇ, ಒಂದು ದೇಹ ಮತ್ತು ಬೇಕಾದಷ್ಟು ಹೊತ್ತು. ಅವೆರಡನ್ನೇ ಇಟ್ಟುಕೊಂಡು ಒಂದೊಂದು ವರ್ಷದ ಐದು ಕೃತಿಗಳನ್ನು ಮಾಡಿದರು. 1978ರ ಸೆಪ್ಟೆಂಬರಿನಿಂದ ಒಂದು ವರ್ಷ ತಾವೇ ಕಟ್ಟಿಕೊಂಡ ಮರದ ಪಂಜರದೊಳಗೆ ಮಾತಾಡದೆ, ಓದದೆ, ಬರೆಯದೆ, ರೇಡಿಯೋ ಟೀವಿ ಇಲ್ಲದೆ ಇದ್ದರು. ಇನ್ನೊಂದು ವರ್ಷ ಯಾವ ಸೂರಿನ ಕೆಳಗೂ ಹೋಗಬಾರದೆಂಬ ನಿಯಮದಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಚಳಿಗಾಲವನ್ನೂ ಕಳೆದರು. ಮತ್ತೊಂದು ವರ್ಷ ಲಿಂಡಾ ಮೊಂಟಾನೋ ಎಂಬ ಕಲಾವಿದೆಯೊಂದಿಗೆ ಎಂಟು ಅಡಿ ಹಗ್ಗದಲ್ಲಿ ಸೊಂಟಕ್ಕೆ ಸೊಂಟ ಬಿಗಿದುಕೊಂಡು, ಒಬ್ಬರನ್ನೊಬ್ಬರು ಮುಟ್ಟದೆ ಇದ್ದರು.

ಅವರ ಕೃತಿಗಳಲ್ಲಿ ನಿಮ್ಮ ಜೊತೆ ಕೂತು ಬಿಡಿಸಿ ನೋಡಬೇಕೆನಿಸುವುದು ಗಡಿಯಾರದ ವರ್ಷ. 1980ರ ಏಪ್ರಿಲ್ 11ರಿಂದ 1981ರ ಏಪ್ರಿಲ್ 11ರವರೆಗೆ. ಕಾರ್ಖಾನೆಯ ಗೇಟಿನಲ್ಲಿ ಕಾರ್ಮಿಕರು ಹಾಜರಿ ಹಾಕುವ ಪಂಚಿಂಗ್ ಮಷೀನನ್ನು ತಮ್ಮ ಕೋಣೆಯ ಗೋಡೆಗೆ ಹಾಕಿಕೊಂಡರು. ಕಾರ್ಮಿಕರ ಯೂನಿಫಾರ್ಮ್ ತೊಟ್ಟರು. ತಲೆ ಬೋಳಿಸಿಕೊಂಡರು. ಆಮೇಲೆ ಪ್ರತಿ ಗಂಟೆಗೂ ಸರಿಯಾಗಿ ಒಂದು ಸಲ ಕಾರ್ಡ್ ಪಂಚ್ ಮಾಡುವುದು, ಮಾಡಿದಾಗಲೆಲ್ಲ ಮಷೀನಿನ ಪಕ್ಕ ನಿಂತು 16 ಎಂಎಂ ಕ್ಯಾಮೆರಾದಲ್ಲಿ ಒಂದೇ ಒಂದು ಫ್ರೇಮ್ ತೆಗೆಯುವುದು. ಹಗಲೂ ರಾತ್ರಿ, ದಿನಕ್ಕೆ 24 ಸಲ, ವರ್ಷ ಪೂರ್ತಿ. ಇದರ ಅರ್ಥವೇನೆಂದು ಸ್ವಲ್ಪ ಯೋಚಿಸಿ. ಒಂದು ಗಂಟೆಗಿಂತ ಹೆಚ್ಚಿನ ನಿದ್ದೆ ಇಲ್ಲ. ಬೇರೆ ಊರಿನ ಮಾತಿರಲಿ, ಅರ್ಧ ಗಂಟೆ ನಡೆದು ಹೋದರೆ ಅಲ್ಲಿಂದಲೇ ತಿರುಗಬೇಕು. ಜ್ವರ ಬಂದರೂ ಏಳಬೇಕು. ಇಷ್ಟು ಮಾಡಿ ಆ ದುಡಿಮೆಯಿಂದ ಹುಟ್ಟಿದ ಸರಕು ಏನೂ ಇಲ್ಲ. ಕೆಲಸಕ್ಕೆ ಹಾಜರಾಗುವುದೇ ಇಲ್ಲಿ ಕೆಲಸ.

ಆ ಫ್ರೇಮುಗಳನ್ನೆಲ್ಲ ಜೋಡಿಸಿ ಓಡಿಸಿದರೆ ಸುಮಾರು ಆರು ನಿಮಿಷದ ಚಿತ್ರ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುವುದರಿಂದ ಅವರ ಒಂದು ದಿನ ನಮಗೆ ಒಂದು ಸೆಕೆಂಡು. ಪಕ್ಕದ ಗಡಿಯಾರದ ಮುಳ್ಳು ಗಿರಗಿರನೆ ಸುತ್ತುತ್ತದೆ. ನಿಂತ ಮನುಷ್ಯ ನಿಂತಲ್ಲೇ ಅದುರುತ್ತಾನೆ, ಏಕೆಂದರೆ ಯಾವ ಎರಡು ಗಂಟೆಯಲ್ಲೂ ಯಾರೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ನಿಲ್ಲಲಾರರು. ಮುಖ ಹೆಚ್ಚೇನೂ ಹೇಳುವುದಿಲ್ಲ. ಕೂದಲು ಮಾತ್ರ ಬೆಳೆಯುತ್ತ ಹೋಗುತ್ತದೆ, ಬೋಳು ತಲೆಯಿಂದ ಹೆಗಲವರೆಗೆ.

ವರ್ಷಕ್ಕೆ 8,760 ಗಂಟೆ. ಅದರಲ್ಲಿ 133 ಸಲ ಪಂಚ್ ತಪ್ಪಿತು. 94 ಸಲ ನಿದ್ದೆಯಿಂದ ಏಳಲಾಗದೆ, 29 ಸಲ ತಡವಾಗಿ, 10 ಸಲ ಹೊತ್ತಿಗೆ ಮುಂಚೆಯೇ ಒತ್ತಿ. ಈ ಲೆಕ್ಕವನ್ನು ಅವರು ಮುಚ್ಚಿಡಲಿಲ್ಲ. ಕಾರಣ ಸಮೇತ ಪಟ್ಟಿ ಮಾಡಿ ಕೃತಿಯ ಜೊತೆಗೇ ಪ್ರದರ್ಶನಕ್ಕಿಟ್ಟರು. ನನಗೆ ಇಡೀ ಕೃತಿಯಲ್ಲಿ ಅತಿ ಬೆಲೆಯುಳ್ಳದ್ದು ಈ 133. ಮಷೀನು ತಪ್ಪಲಿಲ್ಲ, ಮನುಷ್ಯ ತಪ್ಪಿದ. ನಿದ್ದೆ ಗೆದ್ದ ಆ 94 ಗಂಟೆಗಳಲ್ಲಿ ದೇಹ ತನ್ನ ಮಾತು ಹೇಳಿತು. ಒಂದೂ ತಪ್ಪದಿದ್ದರೆ ನಾವು ಅದನ್ನು ಒಂದು ಸಾಹಸ ಎಂದು ಕರೆದು ಮರೆತುಬಿಡುತ್ತಿದ್ದೆವು.

ಇದೆಲ್ಲ ಎಲ್ಲೋ ದೂರದ ನ್ಯೂಯಾರ್ಕಿನ ಸಮಾಚಾರ, ನಮಗೂ ಅದಕ್ಕೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಶ್ರವಣಬೆಳಗೊಳದ ಬೆಟ್ಟ ಹತ್ತಿದವರಿಗೆ ಈ ಪ್ರಶ್ನೆ ಬರಬಾರದು. ಅಣ್ಣನನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆದ್ದ ಬಾಹುಬಲಿ ಎಲ್ಲವನ್ನೂ ಬಿಟ್ಟು ಒಂದು ವರ್ಷ ಅಲುಗದೆ ನಿಂತ ಕಥೆಯನ್ನು ಪಂಪ 941ರಲ್ಲೇ ಆದಿಪುರಾಣದಲ್ಲಿ ಕನ್ನಡದಲ್ಲಿ ಹೇಳಿದ. ಆ ಶತಮಾನ ಮುಗಿಯುವುದರೊಳಗೆ ಚಾವುಂಡರಾಯ ಅದನ್ನು ಕಲ್ಲಿನಲ್ಲಿ ನಿಲ್ಲಿಸಿದ. ಸುಮಾರು 58 ಅಡಿಯ ಆ ಮೂರ್ತಿಯ ಮುಂದೆ ನಿಂತವರೆಲ್ಲ ಎತ್ತರ ನೋಡುತ್ತಾರೆ, ಮುಖದ ಶಾಂತಿ ನೋಡುತ್ತಾರೆ. ನೀವು ಶಿಲ್ಪ ಕಲಿಯುವವರು, ಕಾಲು ನೋಡಿ. ಎರಡೂ ಪಕ್ಕ ಹುತ್ತ, ಹುತ್ತದಿಂದ ತಲೆ ಹಾಕಿದ ಹಾವು. ಅಲ್ಲಿಂದ ಎದ್ದ ಬಳ್ಳಿ ತೊಡೆಯನ್ನು ಸುತ್ತಿ ಮೇಲೇರಿ ತೋಳನ್ನೂ ಬಳಸಿದೆ. ಶಿಲ್ಪಿಯ ಮುಂದಿದ್ದ ಸಮಸ್ಯೆ ನಿಮ್ಮದೇ ಸಮಸ್ಯೆ: ಅಲುಗದೆ ನಿಂತ ದೇಹದಲ್ಲಿ ಒಂದು ವರ್ಷ ಕಳೆದದ್ದನ್ನು ತೋರಿಸುವುದು ಹೇಗೆ? ಮುಖವನ್ನು ಸೊರಗಿಸಲಿಲ್ಲ, ಪಕ್ಕೆಲುಬು ತೋರಿಸಲಿಲ್ಲ. ದೇಹವನ್ನು ಹಾಗೇ ಬಿಟ್ಟು ಬಳ್ಳಿಯನ್ನು ಬೆಳೆಸಿದ. ಬಳ್ಳಿ ತೋಳಿನವರೆಗೆ ಬರಲು ಎಷ್ಟು ದಿನ ಹಿಡಿದಿರಬೇಕು ಎಂದು ನೋಡುವವನೇ ಲೆಕ್ಕ ಹಾಕಿಕೊಳ್ಳಲಿ ಎಂದು ಬಿಟ್ಟ. ಸಾವಿರ ವರ್ಷ ಕಳೆದ ಮೇಲೆ ತೈವಾನಿನ ಒಬ್ಬ ವಲಸಿಗರು ಅದೇ ಕೆಲಸವನ್ನು ತಮ್ಮ ತಲೆಗೂದಲಿನಿಂದ ಮಾಡಿಸಿದರು. 1432ರ ಕಾರ್ಕಳದ, 1604ರ ವೇಣೂರಿನ ಗೊಮ್ಮಟರಲ್ಲೂ ಬಳ್ಳಿ ಇದೆ. ಮುಂದಿನ ಸಲ ಕಾಲೇಜಿನಿಂದ ಸ್ಟಡಿ ಟೂರ್ ಹೋದಾಗ ಮೂರನ್ನೂ ಹೋಲಿಸಿ ಸ್ಕೆಚ್ ಮಾಡಿ.

ಹೀಗೆಂದ ಕೂಡಲೇ ಒಂದು ಅಪಾಯವೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಉರುಳು ಸೇವೆ ಇದೆ, ದೀಡ್ ನಮಸ್ಕಾರ ಇದೆ, ರಾತ್ರಿಯಿಡೀ ಕೋಲ ಇದೆ. ಅದನ್ನೇ ತಂದು ಗ್ಯಾಲರಿಯಲ್ಲಿ ಇಟ್ಟರಾಯಿತು ಎಂದುಕೊಂಡವರು ನಿಮ್ಮಲ್ಲಿ ಹಲವರಿದ್ದಾರೆ. ವಿಭೂತಿ, ಗೆಜ್ಜೆ, ಅರಿಶಿನ, ಹಿಂಗಾರ ಎಲ್ಲ ಬರುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ. ಉರುಳು ಸೇವೆ ಮಾಡುವ ತಾಯಿಗೆ ಹರಕೆ ಕೇಳಿಸಿಕೊಂಡ ದೇವರಿದ್ದಾನೆ, ಮನೆಯಲ್ಲಿ ಹುಷಾರಾದ ಮಗುವಿದೆ. ಕೋಲಕ್ಕೆ ಕಟ್ಟುಕಟ್ಟಳೆ ಇದೆ, ಅದನ್ನು ನಡೆಸುವ ಸಮುದಾಯವಿದೆ, ತೀರ್ಪಿಗೆ ಕಾಯುವ ಊರಿದೆ. ಅದೆಲ್ಲವನ್ನೂ ಬಿಟ್ಟು ಬಣ್ಣವನ್ನಷ್ಟೇ ತಂದರೆ ಅವರಿಗೂ ಅನ್ಯಾಯ, ನಿಮಗೂ ಲಾಭವಿಲ್ಲ. ಶಿಯೆ ಅವರಿಗೆ ವರ್ಷದ ಕೊನೆಗೆ ಯಾವ ವರವೂ ಸಿಗಲಿಲ್ಲ, ಅವರು ಕೇಳಲೂ ಇಲ್ಲ. ತಮ್ಮ ನಿಯಮವನ್ನು ತಾವೇ ಟೈಪ್ ಮಾಡಿ ಸಹಿ ಹಾಕಿದರು, ಪಾಲಿಸಿದರು, ಮುಗಿಸಿದರು. ಕಲಾವಿದರ ದಾರಿ ಅಷ್ಟು ಒಂಟಿಯಾದದ್ದು.

ಇನ್ನೊಂದು ಮಾತು ನೋವಿನ ಬಗ್ಗೆ. ಬ್ಲೇಡು, ಸೂಜಿ, ಮೇಣದ ಬತ್ತಿ ಹಿಡಿದು ಬರುವವರನ್ನು ಕಂಡಾಗ ನನಗೆ ಭಯವಾಗುತ್ತದೆ. 1974ರಲ್ಲಿ ಇಟಲಿಯ ನೇಪಲ್ಸಿನಲ್ಲಿ ಅಬ್ರಮೋವಿಚ್ 72 ವಸ್ತುಗಳನ್ನು ಮೇಜಿನ ಮೇಲಿಟ್ಟು ಆರು ಗಂಟೆ ಸುಮ್ಮನೆ ನಿಂತು, ಬಂದವರು ಏನು ಬೇಕಾದರೂ ಮಾಡಬಹುದು ಎಂದರು. ಆ ಮೇಜಿನ ಮೇಲೆ ಪಿಸ್ತೂಲೂ ಇತ್ತು. ಕೊನೆಗೆ ನೋಡುಗರಲ್ಲೇ ಜಗಳವಾಯಿತು. ಅದು ನಡೆದದ್ದು ಒಂದು ಸಲ, ಮತ್ತೆ ಮಾಡಿ ಸಾಬೀತುಪಡಿಸುವಂಥದ್ದು ಅಲ್ಲಿ ಏನೂ ಉಳಿದಿಲ್ಲ. ಶಿಯೆ ಅವರೂ ತೈವಾನಿನಲ್ಲಿದ್ದಾಗ, 1973ರಲ್ಲಿ, ಕಿಟಕಿಯಿಂದ ಕೆಳಕ್ಕೆ ಜಿಗಿದು ಎರಡೂ ಕಾಲಿನ ಹರಡು ಮುರಿದುಕೊಂಡಿದ್ದರು. ಆ ಜಿಗಿತಕ್ಕೆ ಬೇಕಾದದ್ದು ಒಂದೆರಡು ಸೆಕೆಂಡು. ಅವರನ್ನು ಈಗ ನಾವು ನೆನೆಯುವುದು ಅದಾದ ಮೇಲೆ ಮಾಡಿದ, ಒಂದು ಹನಿ ರಕ್ತವೂ ಇಲ್ಲದ ವರ್ಷಗಳಿಗಾಗಿ. ಗಾಯಕ್ಕಿಂತ ದಿನ ದೊಡ್ಡದು. ನಿಮ್ಮ ಮೈಗೆ ಕೇಡು ಮಾಡಿಕೊಳ್ಳಬೇಡಿ. ಬಹಳ ಹೊತ್ತಿನ ಕೆಲಸ ಮಾಡುವಾಗ ನೀರು ಕೊಡಲು, ಬೇಕಾದರೆ ನಿಲ್ಲಿಸಲು ಒಬ್ಬ ಗೆಳೆಯ ಅಥವಾ ಗೆಳತಿ ಪಕ್ಕದಲ್ಲಿರಲಿ.

ಹೊತ್ತು ಕೊಡಿ ಎಂದರೆ ವರ್ಷಗಟ್ಟಲೆ ಪಂಜರದಲ್ಲಿ ಕೂರಿ ಎಂದಲ್ಲ. ಪೋಲೆಂಡಿನ ರೋಮನ್ ಒಪಾಲ್ಕಾ ನಿಮ್ಮ ಹಾಗೆ ಕುಂಚ ಹಿಡಿದವರೇ. 1965ರಲ್ಲಿ ವಾರ್ಸಾದಲ್ಲಿ ಕಪ್ಪು ಕ್ಯಾನ್ವಾಸಿನ ಎಡ ಮೇಲ್ತುದಿಯಲ್ಲಿ ಬಿಳಿ ಬಣ್ಣದಲ್ಲಿ 1 ಎಂದು ಬರೆದು ಶುರು ಮಾಡಿದರು, 2011ರಲ್ಲಿ ಸಾಯುವವರೆಗೂ ಮುಂದಿನ ಅಂಕಿ ಬರೆಯುತ್ತಲೇ ಇದ್ದರು. ಕುಂಚವನ್ನು ಬಣ್ಣಕ್ಕೆ ಅದ್ದಿದಾಗ ಅಂಕಿ ದಟ್ಟ, ಬಣ್ಣ ಮುಗಿಯುತ್ತ ಬಂದಂತೆ ತೆಳು, ಮತ್ತೆ ಅದ್ದಿದಾಗ ದಟ್ಟ. ದೂರದಿಂದ ನೋಡಿದರೆ ಕ್ಯಾನ್ವಾಸು ಉಸಿರಾಡಿದಂತೆ ಕಾಣುತ್ತದೆ. 1972ರಿಂದ ಪ್ರತಿ ಹೊಸ ಕ್ಯಾನ್ವಾಸಿನ ಹಿನ್ನೆಲೆಗೂ ಒಂದು ಪಾಲು ಬಿಳಿ ಹೆಚ್ಚು ಬೆರೆಸುತ್ತ ಹೋದರು, ಕೊನೆಗೆ ಬಿಳಿಯ ಮೇಲೆ ಬಿಳಿ. ದಿನದ ಕೆಲಸ ಮುಗಿದ ಮೇಲೆ ಬಿಳಿ ಅಂಗಿ ತೊಟ್ಟು ತಮ್ಮದೇ ಮುಖದ ಒಂದು ಫೋಟೋ. ಆ ಫೋಟೋಗಳ ಸಾಲಿನಲ್ಲಿ ಕೂದಲೂ ಕ್ಯಾನ್ವಾಸಿನ ಜೊತೆಗೇ ಬೆಳ್ಳಗಾಗುತ್ತದೆ. ಕೊನೆಯ ಅಂಕಿ 5607249.

ನಮ್ಮ ದೇಶದಲ್ಲೂ ಈ ದಾರಿ ಹೊಸದಲ್ಲ. ಮುಂಬೈಯ ರುಮ್ಮಾನಾ ಹುಸೇನ್ 1995ರಲ್ಲಿ ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಇಬ್ಭಾಗ ಮಾಡಿದ ಪರಂಗಿ ಹಣ್ಣು ಹಿಡಿದು, ಬಾಯಿ ಅಗಲಿಸಿ ಸದ್ದಿಲ್ಲದೆ ಕೂಗುತ್ತ ನಡೆದರು. ಅಲ್ಲಿ ಗೆಜ್ಜೆ ನನಗೆ ಅಲಂಕಾರವಾಗಿ ಕಾಣುವುದಿಲ್ಲ, ಹೆಜ್ಜೆಯ ಎಣಿಕೆಯಾಗಿ ಕಾಣುತ್ತದೆ. ನಾಲ್ಕೇ ವರ್ಷದಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ನಿಖಿಲ್ ಚೋಪ್ರಾ 2019ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದೊಳಗೆ ಒಂಬತ್ತು ದಿನ ಅಲ್ಲೇ ಉಂಡು, ಮಲಗಿ, ವೇಷ ಬದಲಿಸುತ್ತ, ಚಿತ್ರ ಬರೆಯುತ್ತ ಕಳೆದರು. ಚೆನ್ನೈಯ ಚಂದ್ರಲೇಖಾ 2001ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಗುಂದೇಚಾ ಸಹೋದರರ ಧ್ರುಪದಕ್ಕೆ 'ಶರೀರ' ಮಾಡಿದರು. ಯೋಗ, ಕಳರಿಪಯಟ್ಟು ಬಲ್ಲ ಮೈಗಳು ಅಲ್ಲಿ ಎಷ್ಟು ನಿಧಾನ ಚಲಿಸುತ್ತವೆಂದರೆ, ಒಂದು ಕಾಲು ಮೇಲೇಳುವುದೇ ಒಂದು ಘಟನೆ. ವೇಗದಲ್ಲಿ ಎತ್ತಿದ ಕಾಲು ತನ್ನ ರಭಸಕ್ಕೇ ಏರಿಬಿಡುತ್ತದೆ. ನಿಧಾನವಾಗಿ ಎತ್ತಿದರೆ ಪ್ರತಿ ಅಂಗುಲದಲ್ಲೂ ಅದರ ಪೂರ್ತಿ ಭಾರವನ್ನು ಸ್ನಾಯು ಹೊರಬೇಕು. ಇದನ್ನು ನಂಬಬೇಡಿ, ಈಗಲೇ ಎದ್ದು ಮಾಡಿ ನೋಡಿ.

ಫೋಟೋ ಬೇಡವೇ ಬೇಡ ಎಂದೂ ನಾನು ಹೇಳುತ್ತಿಲ್ಲ. ಬೆಂಗಳೂರಿನ ಪುಷ್ಪಮಾಲಾ ಎನ್. ತಮ್ಮ ದೇಹವನ್ನು ಇಟ್ಟುಕೊಂಡೇ ಮೂರು ದಶಕದಿಂದ ಕೆಲಸ ಮಾಡುತ್ತಿದ್ದಾರೆ. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರ ಜೊತೆ 2000ದಿಂದ 2004ರವರೆಗೆ ಮಾಡಿದ ಸರಣಿಯಲ್ಲಿ ದಕ್ಷಿಣ ಭಾರತದ ಹೆಣ್ಣುಗಳ ಹಳೆಯ ಚಿತ್ರಗಳೊಳಗೆ ತಾವೇ ಹೋಗಿ ಕೂತರು. ರವಿವರ್ಮನ ಲಕ್ಷ್ಮಿಯೂ ಆದರು, ಬ್ರಿಟಿಷ್ ಕಾಲದ ಜನಾಂಗ ಶಾಸ್ತ್ರಜ್ಞರು ಅಳತೆಯ ಚೌಕಳಿ ಪರದೆಯ ಮುಂದೆ ನಿಲ್ಲಿಸಿದ ಬುಡಕಟ್ಟಿನ ಹೆಣ್ಣೂ ಆದರು. ಪರದೆ, ಆಭರಣ, ಬೆಳಕು ಒಂದೊಂದನ್ನೂ ಹುಡುಕಿ ಜೋಡಿಸಿದ ಕೆಲಸ ಅದು. ಅಲ್ಲಿ ಫೋಟೋವೇ ಕೃತಿ, ಅದರ ಹಿಂದೆ ವರ್ಷಗಳ ದುಡಿಮೆ ಇದೆ. ನಿಮ್ಮದೂ ಫೋಟೋ ಆಗಿದ್ದರೆ ಹಾಗೆಂದೇ ಹೇಳಿ, ಅದಕ್ಕೆ ತಕ್ಕ ಶ್ರಮ ಹಾಕಿ.

ನಮ್ಮ ಸುತ್ತಲೂ ಎಲ್ಲದರ ಹೊತ್ತೂ ಮೊಟಕಾಗುತ್ತಿದೆ. ಯಕ್ಷಗಾನದಲ್ಲಿ ಬಣ್ಣದ ವೇಷದವರು ಚೌಕಿಯಲ್ಲಿ ಕನ್ನಡಿ ಹಿಡಿದು ಕೂತು ಅಕ್ಕಿಹಿಟ್ಟಿನ ಚಿಟ್ಟಿ ಇಡಲು ಮೂರ್ನಾಲ್ಕು ಗಂಟೆ ಬೇಕಾಗುತ್ತಿತ್ತು. ನಡುರಾತ್ರಿ ದಾಟಿದ ಮೇಲೆ ದೊಂದಿ ಬೆಳಕಿನಲ್ಲಿ ಆ ಮುಖ ಬರುವಾಗ ತೂಕಡಿಸುತ್ತಿದ್ದ ಮಕ್ಕಳು ಬೆಚ್ಚಿ ಏಳುತ್ತಿದ್ದರು. ನಿದ್ದೆಗಣ್ಣಿನ ಆ ನೋಡುಗರ ಮೈಯೂ ಆಟದ ಒಂದು ಭಾಗ. ಈಗ ಹಲವು ಮೇಳಗಳದು ಕಾಲಮಿತಿ ಯಕ್ಷಗಾನ. ಮರುದಿನ ಕೆಲಸಕ್ಕೆ ಹೋಗಬೇಕಾದವರಿಗೆ ಅದು ಅನಿವಾರ್ಯ, ನಾನು ದೂರುವುದಿಲ್ಲ. ಆದರೆ ಉದ್ದ ಹೊತ್ತನ್ನು ಜೊತೆಯಾಗಿ ಕಳೆಯುವ ಜಾಗಗಳು ಒಂದೊಂದಾಗಿ ಮುಚ್ಚುತ್ತಿರುವಾಗ, ಅಂಥ ಒಂದು ಜಾಗವನ್ನು ತೆರೆಯುವ ಕೆಲಸ ನಿಮ್ಮಿಂದ ಆಗಬಹುದು.

ಆಗಿದ್ದೂ ಉಂಟು. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಕಾರಿಡಾರಿನಲ್ಲಿ ದಕ್ಷಿಣ ಕನ್ನಡದ ಒಬ್ಬ ಹುಡುಗಿ ಬೆಳಿಗ್ಗೆಯಿಂದ ನೆಲದ ಮೇಲೆ ಕೂತು ಬೀಡಿ ಕಟ್ಟುತ್ತಿದ್ದಳು. ಮಡಿಲಲ್ಲಿ ತಡ್ಪೆ ಎನ್ನುವ ಮೊರ, ತಡ್ಪೆಯಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪು, ನೂಲು. ಎಲೆಗೆ ಚಿಟಿಕೆ ಪುಡಿ ಹಾಕಿ, ಎರಡು ಬೆರಳಲ್ಲಿ ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯುವುದು. ಅವಳ ಅಮ್ಮ ಮನೆಗೆಲಸದ ನಡುವೆ ದಿನಕ್ಕೆ ಸಾವಿರ ಕಟ್ಟುತ್ತಾರಂತೆ. ತಾನೂ ಪ್ರದರ್ಶನ ಮುಚ್ಚುವುದರೊಳಗೆ ಸಾವಿರ ಕಟ್ಟುತ್ತೇನೆ ಎಂದು ಗೋಡೆಯ ಮೇಲೆ ಬರೆದಿದ್ದಳು. ಮಧ್ಯಾಹ್ನದ ಹೊತ್ತಿಗೆ ಬೆನ್ನು ಬಾಗಿತ್ತು, ಬೆರಳ ತುದಿ ಕಂದಾಗಿತ್ತು, ಕುತ್ತಿಗೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದಳು. ನಿಂತು ನೋಡುತ್ತಿದ್ದ ಕಾಲೇಜಿನ ಆಯಾ ಒಬ್ಬರು, ನೂಲು ಹಾಗಲ್ಲ ಮಗಾ, ಹೀಗೆ ಹಿಡಿಯಬೇಕು ಎಂದು ಪಕ್ಕದಲ್ಲೇ ಕೂತು ತೋರಿಸಿದರು. ಸಂಜೆ ಮುಗಿದಾಗ ಅರ್ಧವೂ ಆಗಿರಲಿಲ್ಲ. ಅವಳು ಎದ್ದು, ಕಟ್ಟಿದ್ದೆಷ್ಟು, ಕೆಟ್ಟುಹೋದದ್ದೆಷ್ಟು, ಬಾಕಿ ಎಷ್ಟು ಎಂದು ಗೋಡೆಯ ಮೇಲೆ ಬರೆದು ಕೈ ತೊಳೆಯಲು ಹೋದಳು. ಅವಳಿಗೆ ಶಿಯೆ ಅವರ ಹೆಸರು ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಆ ವರ್ಷ ಕರ್ನಾಟಕದಲ್ಲಿ ನಾನು ಕಂಡ ಅತ್ಯುತ್ತಮ ಕೃತಿ ಅದು.

ನಿಮ್ಮಲ್ಲಿ ಹಲವರ ಮನೆಯಲ್ಲಿ ಇಂಥ ಮೈಗಳಿವೆ. ಪೀಣ್ಯದಲ್ಲೋ ಮೈಸೂರು ರಸ್ತೆಯಲ್ಲೋ ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕ, ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ಟಿಗೆ ಹೊಂದಿಕೊಂಡ ಅವಳ ಭುಜ. ಓಡುವ ಬಸ್ಸಿನಲ್ಲಿ ಇಡೀ ದಿನ ನಿಂತೇ ಇರುವ ಕಂಡಕ್ಟರ್ ಅಪ್ಪನ ಮೊಣಕಾಲು. ನಾಟಿ ಗದ್ದೆಯಲ್ಲಿ ಬಾಗಿದ ಅಜ್ಜಿಯ ಸೊಂಟ. ದೇಹ, ಚಲನೆ, ಕಾಲ ಎಂಬ ವಿಷಯಕ್ಕೆ ಪುಸ್ತಕ ತೆರೆಯುವ ಮೊದಲು ಇವನ್ನು ನೋಡಿ, ಒಂದು ದಿನ ಪೂರ್ತಿ ಜೊತೆಗಿದ್ದು ನೋಡಿ. ಕೆಲಸಕ್ಕೆ ಒಂದು ನಿಯಮ ಮಾಡಿಕೊಳ್ಳಿ, ಅದನ್ನು ಬರೆದಿಡಿ, ತಪ್ಪಿದರೆ ತಪ್ಪಿದ್ದನ್ನೂ ಬರೆದಿಡಿ. ಕ್ಯಾಮೆರಾದವರನ್ನು ಸ್ವಲ್ಪ ದೂರ ನಿಲ್ಲಿಸಿ. ಮುಖ್ಯ ಅತಿಥಿಗಳು ಬಂದಾಗ ಏಳಬೇಡಿ.

ಮುಂದಿನ ವಾರ್ಷಿಕ ಪ್ರದರ್ಶನದ ಆಮಂತ್ರಣ ಪತ್ರಿಕೆಯಲ್ಲಿ ನಿಮ್ಮ ಕೃತಿ ಶುರುವಾಗುವ ಹೊತ್ತಿನ ಜೊತೆ ಮುಗಿಯುವ ಹೊತ್ತನ್ನೂ ಅಚ್ಚು ಹಾಕಿಸಿ. ಕೂರಲು ನಾಲ್ಕು ಬೆಂಚು ಹಾಕಿಸಲು ಪ್ರಾಂಶುಪಾಲರನ್ನು ಕೇಳಿ, ರಾತ್ರಿಯಾಗುವುದಾದರೆ ವಾಚ್‌ಮನ್ ಅವರಿಗೆ ಮೊದಲೇ ತಿಳಿಸಿ. ನನಗೂ ಒಂದು ಪತ್ರಿಕೆ ಕಳಿಸಿ. ಶುರುವಾಗುವ ಮೊದಲೇ ಬರುತ್ತೇನೆ, ಮುಗಿಯುವವರೆಗೂ ಇರುತ್ತೇನೆ.

ಇತಿ,
ನಿಮ್ಮ ಪ್ರದರ್ಶನಗಳ ಒಬ್ಬ ಖಾಯಂ ನೋಡುಗ